ಡಿಎನ್‌ಎ ಡಯಟ್ ಕಿಟ್: ಕಾಫಿ ಪುಟ ಭೇಷ್, ಊಟದ ಚಾರ್ಟ್ ದಂಡ

ಎಂಜಲಿನ ಜೀನ್ ನೋಡಿ ನಿಮಗೆ ಯಾವ ಊಟ ಒಗ್ಗುತ್ತದೆ ಎಂದು ಹೇಳುವ ಕಿಟ್ ಇದು. ಬೆಲೆ, ಎಷ್ಟು ಜೀನ್ ನೋಡುತ್ತಾರೆ ಎಂಬುದೆಲ್ಲ ಜಾಹೀರಾತಿನಲ್ಲೇ ಇದೆ, ಬಿಡಿ. ಎಂಜಲು ಕೊಡುವಾಗಲೇ ಸ್ಯಾಂಪಲ್ ಕೆಡುವುದು. ಅರ್ಧ ಗಂಟೆ ಮುಂಚಿನಿಂದ ನೀರೂ ಕುಡಿಯಬಾರದು. ಎಲೆಯಡಿಕೆ, ಸಿಗರೇಟು ಬೇಡವೇ ಬೇಡ. ಕೊಳವೆಯ ಗೆರೆಯವರೆಗೆ ಏರಬೇಕಾದ್ದು ಎಂಜಲು, ನೊರೆಯಲ್ಲ. ನೊರೆಯನ್ನೂ ಲೆಕ್ಕಕ್ಕೆ ಹಿಡಿದರೆ 2 ಮಿ.ಲೀ. ಆಗುವುದಿಲ್ಲ, ಮತ್ತೆ ಕೊಡಿ ಅಂತ ಮೆಸೇಜ್ ಬರುತ್ತದೆ. ಬಾಯಿ ಒಣಗಿದ್ದರೆ ಕೆನ್ನೆಯನ್ನು ಹೊರಗಿನಿಂದ ಮೆಲ್ಲಗೆ ತಿಕ್ಕಿ. ಎಂಜಲು ಕೆಡದಂತೆ ಕಾಯುವ ಮುಚ್ಚಳದ ದ್ರವ ಬೆರೆತು ಕುಲುಕಿಯಾದ ಮೇಲೆ ಮುಂಬೈ ಮಳೆಯಲ್ಲಿ ಕೊರಿಯರ್ ತಡವಾದರೂ ಚಿಂತೆಯಿಲ್ಲ, ಫ್ರಿಜ್ಜೂ ಬೇಡ.

ದುಡ್ಡಿಗೆ ಮೋಸವಿಲ್ಲ ಅನ್ನಿಸಿದ್ದು ಕೆಫೀನ್ ಪುಟದಲ್ಲಿ. ಕೆಫೀನ್ ಕರಗಿಸುವ ಜೀನ್ ಸಿವೈಪಿ1ಎ2 ನಿಧಾನದ ಬಗೆಯದು, ಮಧ್ಯಾಹ್ನದ ಮೇಲೆ ಕಾಫಿ ಬೇಡ, ಅಷ್ಟೇ. ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ 5 ಗಂಟೆ ಸಾಕು, ಕೆಲವರಿಗೆ 9 ಗಂಟೆಯೂ ಬೇಕು. ಡೊಂಬಿವಲಿ ಲೋಕಲ್ ಇಳಿದು ಸಂಜೆ 7ಕ್ಕೆ ಕುಡಿದದ್ದು ನಡುರಾತ್ರಿಯಲ್ಲೂ ಮೈಯಲ್ಲಿರುತ್ತದೆ. ಹಾಗಾಗಿ ಗಟ್ಟಿ ಡಿಕಾಕ್ಷನ್ ಬೆಳಗ್ಗೆಗೆ ಮಾತ್ರ. ಸಂಜೆಗೆ ಕಷಾಯ: ಘಮ್ಮೆನ್ನುವಷ್ಟು ಹುರಿದ ಕೊತ್ತಂಬರಿ ಬೀಜ ಎರಡು ಪಾಲು, ಜೀರಿಗೆ ಒಂದು ಪಾಲು, ನಾಲ್ಕು ಕಾಳು ಮೆಣಸು, ತರಿತರಿಯಾಗಿ ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿ, ಹಾಲು ಕೊನೆಗೆ. ಬಿಸಿ ಲೋಟ ಕೈಗೆ ಬರುತ್ತದಲ್ಲ, ಅದಕ್ಕೇ ಈ ಅಭ್ಯಾಸ ನಿಂತಿತು. ಆದರೆ ಸಿಗರೇಟು ಕೆಫೀನ್ ಬೇಗ ಕರಗಿಸುತ್ತದೆ, ಗರ್ಭನಿರೋಧಕ ಮಾತ್ರೆ ತಡ ಮಾಡುತ್ತದೆ. ಕಿಟ್ಟಿನವರು ಎರಡನ್ನೂ ಕೇಳುವುದಿಲ್ಲ.

ಇನ್ನು ಊಟದ ಚಾರ್ಟು. 'ನಿಮ್ಮ ಜೀನಿಗೆ ಲೋ-ಕಾರ್ಬ್' ಎಂದು ದೊಡ್ಡಕ್ಷರದಲ್ಲಿ ಬರೆದು ಕೇಲ್, ಕಿನೊವಾ ಪಟ್ಟಿ ಕೊಟ್ಟಿದ್ದಾರೆ. ಮಾಟುಂಗಾ ಮಾರ್ಕೆಟ್ಟಿನ ಹರಿವೆ, ಬಸಳೆ, ಜೋಳದ ಹಿಟ್ಟಿನ ಸುದ್ದಿಯೇ ಇಲ್ಲ. ಅದಕ್ಕಿಂತ ದೊಡ್ಡ ತಕರಾರು ಬೇರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ವರ್ಷವಿಡೀ ಗಮನಿಸಿ 2018ರಲ್ಲಿ ಹೇಳಿದ್ದೇ ಇದು: ಜೀನ್ ನೋಡಿ ಲೋ-ಕಾರ್ಬ್, ಲೋ-ಫ್ಯಾಟ್ ಆರಿಸಿದರೆ ತೂಕ ಹೆಚ್ಚು ಇಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಎಫ್‌ಟಿಒ (ಬೊಜ್ಜಿಗೆ ನಂಟಿರುವ ಜೀನ್) ಪುಟದಲ್ಲಿ ಕೆಂಪು ಗುರುತು ಬೇರೆ. ಅದರ ಎರಡೂ ಪ್ರತಿ ಬೊಜ್ಜಿನ ಬಗೆಯವೇ ಆಗಿದ್ದರೆ ಹೆಚ್ಚುವ ತೂಕ ಸರಾಸರಿ 3 ಕೆ.ಜಿ. ಓಡಾಡುವವರಲ್ಲಿ ಬೊಜ್ಜಿನ ಮೇಲೆ ಅದರ ಪ್ರಭಾವ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚೇ ತಗ್ಗುತ್ತದೆ. ಮೊದಲು ಹೇಳಬೇಕಾದ ಆ ಮಾತು ಕೊನೇ ಪುಟದ ಸಣ್ಣಕ್ಷರದಲ್ಲಿದೆ. ಕೆಂಪು ಕಂಡವರು 'ಹಣೆಬರಹ' ಅಂದುಕೊಂಡು ಇನ್ನೊಂದು ವಡಾಪಾವ್ ತಿಂದರೆ ಆಶ್ಚರ್ಯವೇನು?

ಕೈ ಬಿಗಿಯಿದ್ದವರು ಇದೇ ದುಡ್ಡಿಗೆ ಎಚ್‌ಬಿಎ1ಸಿ, ಲಿಪಿಡ್ ಪ್ರೊಫೈಲ್ (ಸಕ್ಕರೆ, ಕೊಬ್ಬಿನ ರಕ್ತಪರೀಕ್ಷೆ) ಮಾಡಿಸಿ. ಜೀನ್ ಬದಲಾಗದು, ಎಚ್‌ಬಿಎ1ಸಿ ಮಾತ್ರ ಸುಮಾರು 3 ತಿಂಗಳ ಸಕ್ಕರೆಯ ಲೆಕ್ಕ ಒಪ್ಪಿಸುತ್ತದೆ. ಕಿಟ್ಟೇ ಬೇಕೆಂದರೆ ಹಣ ಕಟ್ಟುವ ಮುಂಚೆ ರಾ ಡೇಟಾ (ನಿಮ್ಮ ಜೀನಿನ ಮೂಲ ಮಾಹಿತಿ) ಕೊಡುತ್ತಾರೆಯೇ, ಕೇಳಿದಾಗ ಸ್ಯಾಂಪಲ್ ನಾಶ ಮಾಡುತ್ತಾರೆಯೇ ಎಂದು ಇಮೇಲಿನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಎಲ್ಲದಕ್ಕೂ ಹೂಂ ಅನ್ನುತ್ತಾರೆ.