ಟ್ರೊಮ್ಸೊದಲ್ಲಿ ಧ್ರುವಪ್ರಭೆ: ಸಣ್ಣ ವ್ಯಾನಿನ ರಾತ್ರಿ ಪ್ರವಾಸದ ವಿಮರ್ಶೆ

ಆರ್ಕ್‌ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿರುವ ನಾರ್ವೆಯ ಟ್ರೊಮ್ಸೊ ನಗರದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಸೂರ್ಯನಿಂದ ಬರುವ ಕಣಗಳು ವಾತಾವರಣಕ್ಕೆ ಬಡಿದಾಗ ರಾತ್ರಿಯ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕೇ ಧ್ರುವಪ್ರಭೆ (ಅರೋರಾ). ಅದು ಮೂಡುವ ವಲಯದಲ್ಲೇ ಊರು ಇರುವುದರಿಂದ, ಸೌರ ಚಟುವಟಿಕೆ ಸಾಧಾರಣವಾಗಿದ್ದಾಗಲೂ ಅಲ್ಲಿ ಬೆಳಕು ಕಾಣಬಹುದು. ಅಡ್ಡ ಬರುವುದು ಕರಾವಳಿಯ ಮೋಡ. ಆದ್ದರಿಂದ ಇಂಥ ಪ್ರವಾಸ ಸೇವೆಯ ಯೋಗ್ಯತೆಯನ್ನು ಅದು ಮೋಡವನ್ನು ಹೇಗೆ ಎದುರಿಸುತ್ತದೆ ಎಂಬುದರ ಮೇಲೆಯೇ ಅಳೆಯಬೇಕೆಂದು ನನ್ನ ಖಚಿತ ಅಭಿಪ್ರಾಯ.

ನಾವು ಹೋದ ಸಣ್ಣ ಸಂಸ್ಥೆ ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ಗೆದ್ದಿತು. ಹೊರಡುವ ಮುನ್ನ ಮಾರ್ಗದರ್ಶಕಿ ಉಪಗ್ರಹದ ಮೋಡಚಿತ್ರವನ್ನು ನಮ್ಮೆಲ್ಲರಿಗೂ ತೋರಿಸಿ, ಸಮುದ್ರದ ಕಡೆಯಿಂದ ಬರುವ ತೇವವನ್ನು ಲಿಂಗೆನ್ ಪರ್ವತಗಳು ತಡೆಯುವುದರಿಂದ ಅವುಗಳ ಆಚೆಗಿನ ಸ್ಕಿಬೊಟ್ನ್ ಕಣಿವೆಯಲ್ಲಿ ಆಕಾಶ ತಿಳಿಯಾಗಿರುವ ಸಂಭವ ಹೆಚ್ಚೆಂದು ವಿವರಿಸಿದರು. ದಾರಿಯಲ್ಲಿ ನಿಲ್ಲಿಸಿದ ಕಡೆಯಲ್ಲೆಲ್ಲ ಮೋಡ ಮುಸುಕಿದ್ದರೂ ಬೇಸರಿಸದೆ ಫಿನ್ಲೆಂಡ್ ಗಡಿಯ ದಿಕ್ಕಿಗೆ ಮುಂದುವರಿದರು.

ಕಣಿವೆಯಲ್ಲಿ ವ್ಯಾನಿನ ದೀಪಗಳನ್ನೆಲ್ಲ ಆರಿಸಿದಾಗ ಬೆಟ್ಟದ ನೆತ್ತಿಯ ಮೇಲೆ ಬೂದುಬಣ್ಣದ ತೆಳು ಪಟ್ಟಿಯೊಂದಿತ್ತು. ಅದನ್ನು ಮೋಡವೆಂದೇ ಎಲ್ಲರೂ ಎಣಿಸಿದ್ದೆವು. ಮಾರ್ಗದರ್ಶಕಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೆಲವು ಸೆಕೆಂಡುಗಳ ಚಿತ್ರ ತೆಗೆದಾಗ ಪರದೆಯ ಮೇಲೆ ಅದೇ ಪಟ್ಟಿ ಅಚ್ಚ ಹಸಿರಾಗಿತ್ತು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಸರಿಯಾಗಿ ಗುರುತಿಸಲಾರದು ಎಂಬುದನ್ನು ಅವರು ಮರೆಮಾಚದೆ ಹೇಳಿದ್ದು ನನಗೆ ಬಹಳ ಹಿಡಿಸಿತು, ಏಕೆಂದರೆ ಜಾಹೀರಾತಿನ ಚಿತ್ರಗಳು ಈ ಮಾತನ್ನು ಎಂದೂ ಹೇಳುವುದಿಲ್ಲ. ಆದರೆ ಪ್ರಭೆ ತೀವ್ರಗೊಂಡಾಗ ಕಣ್ಣಿಗೂ ಬಣ್ಣ ದಕ್ಕುತ್ತದೆ. ಸ್ವಲ್ಪ ಹೊತ್ತಿನಲ್ಲೇ ಆ ಪಟ್ಟಿ ನೆರಿಗೆ ನೆರಿಗೆಯಾಗಿ ಬಿಚ್ಚಿಕೊಂಡು, ಸುಮಾರು 100 ಕಿ.ಮೀ. ಎತ್ತರದಲ್ಲಿ ಆಮ್ಲಜನಕದಿಂದ ಹೊಮ್ಮುವ ಹಸಿರು ಬರಿಗಣ್ಣಿಗೇ ಕಂಡಿತು. ಅದರ ಕೆಳ ಅಂಚಿನಲ್ಲಿ ಸಾರಜನಕದ ನಸುಗೆಂಪು ಓಡಾಡಿತು. ಇಡೀ ಗುಂಪು ಮಾತು ಮರೆತು ನಿಂತಿತ್ತು.

ಕೊರತೆಗಳೂ ಇವೆ. ಕೊಟ್ಟ ಬೆಚ್ಚನೆಯ ಮೇಲುಡುಪು ಉತ್ತಮವಾಗಿತ್ತು, ಆದರೆ ಬೂಟುಗಳಲ್ಲಿ ಸರಿಯಾದ ಅಳತೆ ಎಲ್ಲರಿಗೂ ಸಿಗಲಿಲ್ಲ; ಹಿಮದ ಮೇಲೆ ಗಂಟೆಗಟ್ಟಲೆ ನಿಲ್ಲುವವರಿಗೆ ಇದು ಸಣ್ಣ ವಿಷಯವಲ್ಲ. ಪ್ರಭೆ ಕಾಣದಿದ್ದರೆ ಹಣ ಮರಳಿಸುವುದಿಲ್ಲ ಎಂಬ ಷರತ್ತನ್ನು ಇನ್ನಷ್ಟು ಎದ್ದು ಕಾಣುವಂತೆ ಮುದ್ರಿಸಬೇಕಿತ್ತು.

ದೊಡ್ಡ ಬಸ್ಸಿನ ಪ್ರವಾಸಕ್ಕಿಂತ ಇದು ದುಬಾರಿ. ಆದರೂ ಬೇಕೆಂದಲ್ಲಿ ನಿಲ್ಲಿಸಿ, ಬೇಡವೆನಿಸಿದರೆ ತಕ್ಷಣ ಹೊರಡುವ ಅನುಕೂಲ ಸಣ್ಣ ವ್ಯಾನಿಗೆ ಮಾತ್ರ ಇರುವುದರಿಂದ ಆ ಹೆಚ್ಚಿನ ಹಣ ನ್ಯಾಯವೆಂದೇ ಹೇಳುತ್ತೇನೆ. ಅಗತ್ಯಬಿದ್ದರೆ ಗಡಿ ದಾಟಿಯೂ ಹೋಗುತ್ತಾರಾದ್ದರಿಂದ ಪಾಸ್‌ಪೋರ್ಟ್ ಜೊತೆಗಿರಲಿ, ಚಳಿಯಲ್ಲಿ ಬೇಗ ಸೋಲುವ ಕ್ಯಾಮೆರಾ ಬ್ಯಾಟರಿಗಳನ್ನು ಒಳಜೇಬಿನಲ್ಲಿಟ್ಟುಕೊಳ್ಳಿ.