ಹೊಂಗೆನಾ, ಬೇವಾ? ಒಂದೇ ಮರಕ್ಕೆ ಜಾಗ ಇದ್ದರೆ

ಬದುವಿನಲ್ಲಿ ಒಂದೇ ಮರಕ್ಕೆ ಜಾಗ ಇದೆ, ಯಾವುದು ನೆಡಲಿ ಅಂತ ಯೋಚಿಸುತ್ತಿದ್ದೀರಾ? ಮೊದಲು ನೆಲ ನೋಡಿ. ನೀರು ನಿಲ್ಲುವ ಜಾಗವಾದರೆ ಬೇವಿನ ಆಸೆ ಬಿಡಿ. ಹೊಂಗೆ ಹಳ್ಳದ ದಂಡೆಯಲ್ಲೂ, ಉಪ್ಪಿನಂಶ ಇರುವ ಮಣ್ಣಲ್ಲೂ ಬದುಕುತ್ತದೆ. ಒಣ ನೆಲದಲ್ಲಿ ಎರಡೂ ಗಟ್ಟಿ.

ಹಿಂದೆ ಹೊಂಗೆ ಎಣ್ಣೆ ದೀಪಕ್ಕೆ, ಸೊಪ್ಪು ಗೊಬ್ಬರವಾಗಿ ಗದ್ದೆಗೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ, ಬೇವಿನಲ್ಲಿ ಈ ಲಾಭ ಇಲ್ಲ. ಈಗ ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುತ್ತಾರೆ. ಸುಮ್ನೆ ಒಂದು ಮರ ನೆಟ್ಟು ಟ್ರ್ಯಾಕ್ಟರ್ ಓಡಿಸ್ತೀನಿ ಅಂದ್ಕೋಬೇಡಿ, ಅಷ್ಟೇ.

ಬೇವಿನ ಕಥೆ ಬೇರೆ. ಕಾಳಿನ ಡಬ್ಬಕ್ಕೆ ಒಣ ಎಲೆ ಹಾಕೋದು, ಕಡ್ಡಿಯಲ್ಲಿ ಹಲ್ಲುಜ್ಜೋದು ಹಳೇ ರೂಢಿ. ಬೀಜದಲ್ಲಿ ಜಾಸ್ತಿ ಇರುವ ಅಜಾಡಿರಾಕ್ಟಿನ್ ಅನ್ನೋ ರಾಸಾಯನಿಕ ಹುಳ ಓಡಿಸುತ್ತದೆ, ಇವತ್ತಿನ ಬೇವಿನ ಕೀಟನಾಶಕಗಳಲ್ಲಿ ಕೆಲಸ ಮಾಡುವುದೂ ಮುಖ್ಯವಾಗಿ ಅದೇ. ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ 1994ರಲ್ಲಿ ಯುರೋಪಿನಲ್ಲಿ ಪೇಟೆಂಟ್ (ಹೊಸ ಆವಿಷ್ಕಾರಕ್ಕೆ ಸಿಗುವ ಹಕ್ಕು) ಬೇರೆ ಕೊಟ್ಟಿದ್ದರು! ನಮ್ಮ ರೈತರು ಮಾಡಿಕೊಂಡೇ ಬಂದಿದ್ದು ಹೊಸದು ಹೇಗಾಗುತ್ತೆ, ಅಲ್ವಾ? 2000ದಲ್ಲಿ ಅದು ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. 2015ರಲ್ಲಿ ಭಾರತದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪನ ಕಡ್ಡಾಯವಾಯಿತು, ಸಾರಜನಕ ಬೇಗ ಪೋಲಾಗದೆ ಬೆಳೆಗೆ ನಿಧಾನವಾಗಿ ಸಿಗಲಿ ಅಂತ.

ಮರಮುಟ್ಟು ಬೇಕಾದರೆ ಬೇವು, ಗೆದ್ದಲು ಸುಲಭಕ್ಕೆ ಮುಟ್ಟಲ್ಲ. ಹೊಂಗೆಯ ಮರಮುಟ್ಟಿಗೆ ಹುಳ ಹಿಡಿಯುತ್ತದೆ, ಸೌದೆಗೆ ಸರಿ. ನೆರಳಿಗೆ ಮಾತ್ರ ನನ್ನ ಓಟು ಹೊಂಗೆಗೇ. ಬೇಸಿಗೆಯಲ್ಲಿ ಬೇರೆ ಮರಗಳು ಬಾಡಿ ನಿಂತಾಗ ಅದು ಹೊಸ ಚಿಗುರು ಹೊತ್ತು ತಂಪಾಗಿ ನಿಂತಿರುತ್ತದೆ.