ಇಶಾಪುರದ 2ಎ1 ಕೋವಿ: ಕೊಳ್ಳುವ ಮುನ್ನ ನೋಡಿದ್ದು, ಕೊಂಡ ಮೇಲೆ ಕಂಡದ್ದು

ಪೆನ್ಸಿಲ್ವೇನಿಯಾದಲ್ಲಿ ನಾನಿರುವ ಊರಿನ ಕೋವಿ ಅಂಗಡಿಯೊಂದರ ಮೂಲೆಯಲ್ಲಿ, ಹಳೆಯ ಸೈನಿಕ ರೈಫಲ್‌ಗಳನ್ನು ಒರಗಿಸಿಡುವ ಸಾಲಿನಲ್ಲಿ, ಕಳೆದ ಚಳಿಗಾಲದ ಕೊನೆಗೆ ಎರಡು ಭಾರತೀಯ ರೈಫಲ್‌ಗಳು ಒಟ್ಟಿಗೆ ಬಂದಿದ್ದವು. ಬೋಲ್ಟಿನ (ನಳಿಗೆಗೆ ತೋಟಾ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಸರಳು) ಹಿಡಿಯ ಕೆಳಗಿನ ಉಕ್ಕಿನ ಪಟ್ಟಿಯ ಮೇಲೆ 'ಆರ್.ಎಫ್.ಐ.' (ರೈಫಲ್ ಫ್ಯಾಕ್ಟರಿ ಇಶಾಪುರ) ಎಂಬ ಮೂರು ಅಕ್ಷರ, '7.62 ಎಂಎಂ 2ಎ1' ಎಂಬ ಹೆಸರು, ಒಂದರಲ್ಲಿ 1966, ಇನ್ನೊಂದರಲ್ಲಿ 1968 ಎಂಬ ಇಸವಿ. ಮೊದಲನೆಯದಕ್ಕೆ ಅಂಗಡಿಯವರು 575 ಡಾಲರ್ ಹೇಳಿದರು, ಎರಡನೆಯದಕ್ಕೆ 450. ಎರಡರಲ್ಲಿ ಯಾವುದು, ಅಥವಾ ಎರಡೂ ಬೇಡವೇ ಎಂದು ತೀರ್ಮಾನಿಸಲು ನನಗೆ ಮೂರು ವಾರ ಹಿಡಿಯಿತು. ಇಲ್ಲಿ ನೆಲೆಸಿರುವ ನಮ್ಮವರಲ್ಲಿ ಹಲವರು ಈ ಕೋವಿಯ ಬಗ್ಗೆ ಆಗಾಗ ವಿಚಾರಿಸುವುದರಿಂದ ಆ ಮೂರು ವಾರ ನೋಡಿದ್ದನ್ನೂ, ಕೊಂಡ ಮೇಲಿನ ಅನುಭವವನ್ನೂ ಬರೆದಿಡುತ್ತಿದ್ದೇನೆ.

ನಾನು ಕೊಡಗಿನಲ್ಲಿ ಬೆಳೆದವನು. ಸೆಪ್ಟೆಂಬರ್ ಮೊದಲ ವಾರ ಕೈಲ್ ಮುಹೂರ್ತದ ದಿನ ನಮ್ಮ ಮನೆಯ ಜೋಡುನಳಿಗೆ ಕೋವಿಯನ್ನು ಒರೆಸಿ, ನಳಿಗೆಯ ಬಾಯಿಗೆ ತೋಕ್‌ಪೂ ಸಿಕ್ಕಿಸಿ, ದೀಪದ ಮುಂದೆ ಇಡುತ್ತಿದ್ದರು. ಆ ಕೆಂಪು ಹಳದಿ ಎಸಳು ಕಪ್ಪು ಉಕ್ಕಿನ ಮೇಲೆ ಬಾಗಿರುತ್ತಿದ್ದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೀಗಾಗಿ ಭಾರತದಲ್ಲಿ ತಯಾರಾದ ಕೋವಿಯನ್ನು ಹೊರದೇಶದ ಅಂಗಡಿಯಲ್ಲಿ ಕಂಡಾಗ ಮನಸ್ಸು ಒಂದು ಕಡೆಗೆ ವಾಲುವುದು ಸಹಜ. ಆದರೆ ನಳಿಗೆಯೊಳಗೆ ಬೆಳಕು ಬಿಟ್ಟು ನೋಡುವವರೆಗೆ ಯಾವ ಕೋವಿಗೂ ಬೆಲೆ ಕಟ್ಟಬೇಡ ಎಂದು ಕಲಿಸಿದ್ದೂ ಅದೇ ಮನೆ.

ಮೊದಲು ಈ ಕೋವಿ ಏನೆಂಬುದನ್ನು ಹೇಳಬೇಕು, ಏಕೆಂದರೆ ಅಂಗಡಿಗಳಲ್ಲಿ ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದದ್ದು ಬಹುಪಾಲು .303 ಲೀ ಎನ್‌ಫೀಲ್ಡ್. ಆ ಯುದ್ಧದ ಮರುವರ್ಷಗಳಲ್ಲಿ ಸೈನ್ಯವು 7.62 ಎಂಎಂ ತೋಟಾಕ್ಕೆ ಬದಲಾಗುತ್ತಿತ್ತು. ಹೊಸ ಅರೆಸ್ವಯಂಚಾಲಿತ ರೈಫಲ್‌ಗಳು ಎಲ್ಲರಿಗೂ ಸಾಕಾಗುವಷ್ಟು ಬೇಗ ತಯಾರಾಗುವಂತಿರಲಿಲ್ಲ. ಆಗ ಕೋಲ್ಕತಾದ ಉತ್ತರಕ್ಕೆ ಹೂಗ್ಲಿ ನದಿಯ ಬದಿಯಲ್ಲಿರುವ ಇಶಾಪುರದ ರೈಫಲ್ ಕಾರ್ಖಾನೆಯವರು, ತಾವು ಹಲವು ದಶಕಗಳಿಂದ ತಯಾರಿಸುತ್ತಿದ್ದ ಎನ್‌ಫೀಲ್ಡಿನ ರೂಪವನ್ನೇ ಇಟ್ಟುಕೊಂಡು, ಹೆಚ್ಚು ಗಟ್ಟಿಯಾದ ಉಕ್ಕಿನಿಂದ, ಹೊಸ ತೋಟಾಕ್ಕೆಂದೇ ಈ ರೈಫಲನ್ನು ಮಾಡಿದರು. ಮೊದಲನೆಯದು 2ಎ, ಅದರಲ್ಲಿ ಗುರಿ ಹಿಡಿಯುವ ಹಿಂದಿನ ದೃಷ್ಟಿಪಟ್ಟಿಯ ಗುರುತುಗಳನ್ನು 800 ಮೀಟರಿಗೆ ಇಳಿಸಿದ ಮೇಲೆ ಬಂದದ್ದು 2ಎ1. ಹಾಗಾಗಿ "ಹಳೆಯ .303ರ ನಳಿಗೆ ಬದಲಿಸಿ ಮಾಡಿದ್ದು, ಸಿಡಿದೀತು" ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಇದು ಆರಂಭದಿಂದಲೇ 7.62ಕ್ಕೆ ಹುಟ್ಟಿದ ಕೋವಿ. ಹನ್ನೆರಡು ತೋಟಾ ಹಿಡಿಸುವ, ಚೌಕಾಕಾರದ ತೋಟಾಪೆಟ್ಟಿಗೆಯೇ ಇದರ ಗುರುತು. ತೂಕ ಸುಮಾರು 4.7 ಕಿಲೋ, ಉದ್ದ ಸುಮಾರು 113 ಸೆಂಟಿಮೀಟರ್.

ಕಾನೂನಿನ ವಿಷಯವನ್ನು ಇಲ್ಲಿಯೇ ಮುಗಿಸುತ್ತೇನೆ. ಪರವಾನಗಿ ಇರುವ ಅಂಗಡಿಯಿಂದ ಕೊಳ್ಳುವಾಗ 4473 ಎಂಬ ಕೇಂದ್ರ ಸರ್ಕಾರದ ನಮೂನೆಯನ್ನು ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರಿಗೆ ಇಲ್ಲಿನ ಕೇಂದ್ರ ಕಾನೂನು ಕೋವಿ ಇಟ್ಟುಕೊಳ್ಳುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಒಂದು ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಉಳ್ಳವರಿಗೆ ಆ ಅಡ್ಡಿ ಇಲ್ಲ, ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಅಗತ್ಯ. ಊರಿಗೆ ಮರಳುವಾಗ ಇದನ್ನು ಒಯ್ಯುತ್ತೇನೆಂಬ ಆಸೆ ಮಾತ್ರ ಯಾರಿಗೂ ಬೇಡ; .303 ಹಾಗೂ 7.62 ಭಾರತದಲ್ಲಿ ಸಾರ್ವಜನಿಕರಿಗೆ ನಿಷಿದ್ಧವಾದ ಅಳತೆಗಳು. ನಮ್ಮಲ್ಲಿ ಪರವಾನಗಿದಾರರ ಬಳಿ .315 ರೈಫಲ್ ಕಾಣುವುದಕ್ಕೆ ಕಾರಣವೂ ಇದೇ.

ಇನ್ನು ತಪಾಸಣೆ. 1966ರ ಕೋವಿ ನೋಡಲು ಬಹಳ ಚೆಂದವಿತ್ತು. ಮರವನ್ನು ಉಜ್ಜಿ ಎಣ್ಣೆ ಬಳಿದಿದ್ದರು, ಉಕ್ಕಿಗೆ ಹೊಸದಾಗಿ ಕಪ್ಪು ಬಣ್ಣ ಕೊಟ್ಟಿದ್ದರು. ನನಗೆ ಮೊದಲ ಅನುಮಾನ ಹುಟ್ಟಿದ್ದು ಅಲ್ಲಿಯೇ. ಇಶಾಪುರದ ಕೋವಿಗಳ ಮರ ಸಾಮಾನ್ಯವಾಗಿ ಒರಟು, ಕೈಬೆವರು ಮತ್ತು ಹಳೆಯ ಎಣ್ಣೆ ಸೇರಿ ಗಾಢವಾಗಿರುತ್ತದೆ. ಅದನ್ನು ಅಷ್ಟು ನುಣುಪಾಗಿ ಉಜ್ಜಿದವರು ಮರದ ಮೇಲಿನ ಗುರುತುಗಳನ್ನೂ ಉಜ್ಜಿ ಹಾಕಿರುತ್ತಾರೆ. ಬೋಲ್ಟನ್ನು ತೆಗೆದು ನೋಡಿದಾಗ ಅದರ ಹಿಡಿಯ ಹಿಂಬದಿಯ ಸಂಖ್ಯೆ ಒಂದು, ಕೋವಿಯ ಮೈಮೇಲಿನ ಸಂಖ್ಯೆ ಇನ್ನೊಂದು. ಈ ವಂಶದ ಕೋವಿಗಳಲ್ಲಿ ಬೋಲ್ಟನ್ನು ಆಯಾ ಕೋವಿಗೆ ಹೊಂದಿಸಿ ಕೂರಿಸಿರುತ್ತಾರೆ. ಬೀಗ ಬೀಳುವ ಕಚ್ಚುಗಳು ಬೋಲ್ಟಿನ ಹಿಂಭಾಗದಲ್ಲಿರುವುದರಿಂದ ಎರಡೂ ಕಡೆಯ ಕಚ್ಚುಗಳು ಸಮವಾಗಿ ಆತುಕೊಳ್ಳಬೇಕು. ಬೇರೆ ಕೋವಿಯ ಬೋಲ್ಟ್ ಬಂದಿದ್ದರೆ ಅದು ಕೆಟ್ಟದ್ದೇ ಎಂದಲ್ಲ, ಆದರೆ ಅಳೆಯದೆ ನಂಬುವಂತಿಲ್ಲ.

ಅಳೆಯುವುದೆಂದರೆ ಹೆಡ್‌ಸ್ಪೇಸ್. ನಳಿಗೆಯ ಗೂಡಿನಲ್ಲಿ ತೋಟಾ ಕುಳಿತ ಮೇಲೆ ಅದರ ಹಿಂಬದಿಗೆ ಬೋಲ್ಟಿನ ಮುಖ ಎಷ್ಟು ಹತ್ತಿರ ಬಂದು ನಿಲ್ಲುತ್ತದೆ ಎಂಬುದರ ಲೆಕ್ಕ ಅದು. ಅಂತರ ಹೆಚ್ಚಾದರೆ ಹಿತ್ತಾಳೆಯ ತೋಟಾ ಹಿಂದಕ್ಕೆ ಹಿಗ್ಗಿ, ಬುಡದ ಹತ್ತಿರ ಹರಿದು, ಬಿಸಿ ಅನಿಲ ಗುಂಡು ಹೊಡೆಯುವವನ ಮುಖದ ಕಡೆಗೆ ಬರಬಹುದು. ನಾನು ಪರಿಚಯದ ಕೋವಿ ಮಿಸ್ತ್ರಿಯೊಬ್ಬರಿಗೆ 40 ಡಾಲರ್ ಕೊಟ್ಟು, ಗೇಜುಗಳೊಂದಿಗೆ ಅಂಗಡಿಗೇ ಕರೆತಂದೆ. .308 ವಿಂಚೆಸ್ಟರಿನ (7.62ಕ್ಕೆ ಸಮನಾದ ನಾಗರಿಕ ತೋಟಾ) 'ಗೋ' ಗೇಜು, ಅಂದರೆ ಬೋಲ್ಟ್ ಮುಚ್ಚಲೇಬೇಕಾದದ್ದು, 1.630 ಇಂಚು; 'ಫೀಲ್ಡ್' ಗೇಜು, ಅಂದರೆ ಸಾಮಾನ್ಯವಾಗಿ ಮುಚ್ಚಬಾರದ್ದು, 1.638 ಇಂಚು. ಸೈನ್ಯದ 7.62ರ ಗೂಡನ್ನು ಸ್ವಲ್ಪ ಉದ್ದವಾಗಿಯೇ ಕೊರೆಯುವುದರಿಂದ ಫೀಲ್ಡ್ ಗೇಜಿನ ಮೇಲೆ ಬೋಲ್ಟ್ ಮುಚ್ಚಿದ ಮಾತ್ರಕ್ಕೆ ಕೋವಿ ಅಪಾಯಕಾರಿ ಎಂದು ತೀರ್ಮಾನಿಸುವಂತಿಲ್ಲ ಎಂದು ಅವರು ಮೊದಲೇ ತಿಳಿಸಿದರು. ಆದರೆ 1966ರ ಕೋವಿಯ ಬೋಲ್ಟ್ ಆ ಗೇಜಿನ ಮೇಲೆ ಒಂದು ಬೆರಳಿನ ಒತ್ತಕ್ಕೆ, ಏನೂ ತಡೆ ಇಲ್ಲದೆ, ಸುಲಭವಾಗಿ ಮುಚ್ಚಿಕೊಂಡಿತು. ಸಮವಾಗಿ ಆತುಕೊಳ್ಳುತ್ತವೆಯೇ ಎಂದು ನೋಡಲು ಬೋಲ್ಟಿನ ಕಚ್ಚುಗಳಿಗೆ ಮಿಸ್ತ್ರಿಯವರು ಬಳಿದ ಬಣ್ಣ ಒಂದೇ ಕಡೆ ಅಳಿಸಿತ್ತು. ಅವರು ಬೋಲ್ಟನ್ನು ಹೊರತೆಗೆದು ಮೇಜಿನ ಮೇಲಿಟ್ಟು, ಬಣ್ಣ ಹಾಗೆಯೇ ಉಳಿದಿದ್ದ ಕಚ್ಚನ್ನು ಉಗುರಿನಿಂದ ತೋರಿಸಿದರು. ನನಗೆ ಅಷ್ಟು ಸಾಕಾಯಿತು. 1968ರ ಕೋವಿ ಗೋ ಗೇಜಿನ ಮೇಲೆ ಮುಚ್ಚಿತು, ಫೀಲ್ಡ್ ಗೇಜಿನ ಮೇಲೆ ಅರ್ಧಕ್ಕೇ ನಿಂತಿತು. ಬೋಲ್ಟಿನ ಸಂಖ್ಯೆಯೂ ಮೈಯ ಸಂಖ್ಯೆಯೂ ಒಂದೇ ಆಗಿದ್ದವು.

ನೋಡಲು ಮಾತ್ರ ಆ ಎರಡನೆಯ ಕೋವಿ ಬಡಪಾಯಿ. ಹಿಡಿಮರದ (ಹೆಗಲಿಗೆ ಆನಿಸುವ ಹಿಂಭಾಗದ ಮರ) ಎಡಬದಿಯಲ್ಲಿ ಆಳವಾದ ಗೀರು, ಕಪ್ಪು ಬಣ್ಣ ಅಲ್ಲಲ್ಲಿ ಕಿತ್ತು ಬೂದು ಉಕ್ಕು ಕಾಣುತ್ತಿತ್ತು, ನಳಿಗೆಯ ಮೇಲೆ ಆಮದುದಾರರ ಚಿಕ್ಕ ಅಕ್ಷರಗಳು ಓರೆಯಾಗಿ ಕೊರೆದಿದ್ದವು. ಮರದ ವಿಷಯದಲ್ಲಿ ನಾನು ನೋಡಿದ್ದು ಗೀರನ್ನಲ್ಲ, ಬಿರುಕನ್ನು. ಗುಂಡು ಹಾರಿದಾಗ ಕೋವಿಯ ಒದೆತವನ್ನು ಹೊರುವುದು ಮುಂಗಟ್ಟಿನ ಮರ (ನಳಿಗೆಯ ಕೆಳಗಿನ ಮರ) ಉಕ್ಕಿನ ಮೈಗೆ ಆತುಕೊಳ್ಳುವ ಎರಡು ಪುಟ್ಟ ಮುಖಗಳು. ಅಲ್ಲಿ ಮರ ಸೊರಗಿದರೆ ಗುರಿ ಎಂದೂ ಒಂದೇ ಕಡೆ ನಿಲ್ಲುವುದಿಲ್ಲ. ಇಶಾಪುರದವರು ಮುಂಗಟ್ಟಿನ ಮರಕ್ಕೆ ಅಡ್ಡಲಾಗಿ ಒಂದು ತಿರುಪು ಹಾಕಿ ಬಲಪಡಿಸಿದ್ದಾರೆ. ಅದು ಇದ್ದೂ ಹಲವು ಕೋವಿಗಳಲ್ಲಿ ಮರ ಸೀಳಿರುವುದಕ್ಕೆ ಮುಖ್ಯ ಕಾರಣ ಹಳೆಯ ಮಾಲೀಕರ ಅವಸರ: ಮುಂಗಟ್ಟಿನ ಮರವನ್ನು ಬಿಚ್ಚದೆ ಹಿಡಿಮರದೊಳಗಿನ ಉದ್ದನೆಯ ತಿರುಪುಮೊಳೆಯನ್ನು ತಿರುಗಿಸಿದರೆ, ಆ ಮೊಳೆಯ ಚೌಕದ ತುದಿ ತಿರುಗಿ ಮುಂಗಟ್ಟಿನ ಮರವನ್ನು ಒಳಗಿನಿಂದಲೇ ಸೀಳಿಬಿಡುತ್ತದೆ. ಕೊಂಡ ಮೇಲೆ ಸ್ವಚ್ಛ ಮಾಡುವವರು ಇದನ್ನು ದಯವಿಟ್ಟು ನೆನಪಿನಲ್ಲಿಡಿ. ಮೊದಲು ಮುಂಗಟ್ಟು, ಆಮೇಲೆ ಹಿಡಿಮರ.

ನಳಿಗೆಯೊಳಗೆ ಗೂಡಿನ ಕಡೆಯಿಂದ ಬೆಳಕು ಬಿಟ್ಟು ನೋಡಿದೆ. ಸುರುಳಿಗೆರೆಗಳು ಚೂಪಾಗಿದ್ದವು, ಬಾಯಿಯ ಹತ್ತಿರ ಮಾತ್ರ ಸ್ವಲ್ಪ ಮಾಸಿದ್ದವು. ಹಗ್ಗ ಎಳೆದು ನಳಿಗೆ ಶುಚಿ ಮಾಡುವ ಸೈನಿಕರ ಪದ್ಧತಿಯಲ್ಲಿ ಹಗ್ಗ ಓರೆಯಾದರೆ ಬಾಯಿಯ ಅಂಚು ಒಂದು ಕಡೆ ಸವೆಯುವುದುಂಟು. ಒಂದು ಗುಂಡಿನ ತುದಿಯನ್ನು ಬಾಯಿಗೆ ಇಟ್ಟು ನೋಡಿದಾಗ ಅದು ಎಲ್ಲ ಕಡೆಯೂ ಸಮವಾಗಿ ನಿಂತಿತು. ನಳಿಗೆಯನ್ನು ಮರದೊಳಗಿನಿಂದ ಮೇಲಕ್ಕೆ ಒತ್ತುವ ಪುಟ್ಟ ಸ್ಪ್ರಿಂಗು ಅಲ್ಲಿಯೇ ಇತ್ತು. ಅನೇಕ ಕೋವಿಗಳಲ್ಲಿ ಅದು ಕಳೆದುಹೋಗಿರುತ್ತದೆ. ತೋಟಾಪೆಟ್ಟಿಗೆಯ ತುಟಿಗಳು ಬಾಗಿಲ್ಲವೇ ಎಂದೂ ನೋಡಿದೆ, ಏಕೆಂದರೆ ಈ ಹನ್ನೆರಡರ ಪೆಟ್ಟಿಗೆಗೆ .303ರ ಪೆಟ್ಟಿಗೆ ಬದಲಿಯಾಗದು, ಬಿಡಿಯಾಗಿ ಹುಡುಕಿದರೆ ಕೋವಿಯ ಬೆಲೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

ತೋಟಾದ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಕಟ್ಟುನಿಟ್ಟು. ಅಂಗಡಿಯಲ್ಲಿ ಸಿಗುವ .308 ವಿಂಚೆಸ್ಟರ್ ಮತ್ತು ಸೈನ್ಯದ 7.62 ಹೊರ ಅಳತೆಯಲ್ಲಿ ಒಂದೇ ಎನ್ನಬಹುದು. .308ರ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್ ಎಂದೂ, 7.62ರದ್ದು 50,000 ಎಂದೂ ಜನ ಹೋಲಿಸುತ್ತಾರೆ. ಆದರೆ ಆ ಎರಡು ಸಂಖ್ಯೆಗಳು ಬೇರೆ ಬೇರೆ ವಿಧಾನದಲ್ಲಿ ಅಳೆದವು, ಆದ್ದರಿಂದ ನೇರ ಹೋಲಿಕೆ ಸಲ್ಲದು. ಹಾಗಿದ್ದರೂ ಐವತ್ತು ವರ್ಷ ದಾಟಿದ, ಹಿಂದೆ ಬೀಗ ಬೀಳುವ ಬೋಲ್ಟಿನ, ಉದ್ದ ಗೂಡಿನ ಕೋವಿಗೆ ಬೇಟೆಗೆಂದು ತಯಾರಿಸಿದ ಬಿರುಸಿನ ತೋಟಾಗಳನ್ನು ನಾನು ಹಾಕುವುದಿಲ್ಲ. 147 ಗ್ರೇನ್ ತೂಕದ ಗುಂಡಿರುವ, ಸೈನ್ಯದ ಮಾದರಿಯ 7.62 ತೋಟಾಗಳನ್ನಷ್ಟೇ ಬಳಸುತ್ತಿದ್ದೇನೆ. ಹಾರಿಸಿದ ಪ್ರತಿ ಹಿತ್ತಾಳೆಯನ್ನೂ ಹೆಕ್ಕಿ, ಬುಡಕ್ಕೆ ಸ್ವಲ್ಪ ಮೇಲೆ, ಹರಿಯುವ ಸೂಚನೆಯಾಗಿ, ಹೊಳೆಯುವ ಗೆರೆ ಮೂಡಿದೆಯೇ ಎಂದು ನೋಡುತ್ತೇನೆ; ಇದುವರೆಗೆ ಮೂಡಿಲ್ಲ.

450 ಎಂದಿದ್ದ ಬೆಲೆಗೆ ಗೇಜಿನ ಫಲಿತಾಂಶ ಗೊತ್ತಾದ ಮೇಲೂ ಅಂಗಡಿಯವರು ಒಂದು ಡಾಲರ್ ಇಳಿಸಲಿಲ್ಲ, ನಾನೂ ಹೆಚ್ಚು ಒತ್ತಾಯಿಸಲಿಲ್ಲ. ಅದೇ ಹಣಕ್ಕೆ ಇನ್ನೇನು ಸಿಗಬಹುದಿತ್ತು ಎಂಬ ಪ್ರಶ್ನೆ ನ್ಯಾಯವಾದದ್ದು. ಎರಡನೆಯ ಮಹಾಯುದ್ಧ ಕಾಲದ .303 ಎನ್‌ಫೀಲ್ಡ್ ನಂ. 4ರ ಹಿಂದೃಷ್ಟಿ ಕಣ್ಣಿಗೆ ಹತ್ತಿರದ ರಂಧ್ರ, ಗುರಿ ಹಿಡಿಯಲು ಇದಕ್ಕಿಂತ ಸುಲಭ, ಆದರೆ.303 ತೋಟಾ ಇಲ್ಲಿ 7.62ಕ್ಕಿಂತ ದುಬಾರಿ, ಸಿಗುವುದೂ ಅಪರೂಪ. ಅಮೆರಿಕದ ಎಂ1 ಗ್ಯಾರಂಡ್ ಬಹಳ ಒಳ್ಳೆಯ ಕೋವಿ, ಬೆಲೆ ಮಾತ್ರ ಇದರ ಎರಡರಷ್ಟಕ್ಕೂ ಮೇಲೆ.

ಗುರಿಮೈದಾನದಲ್ಲಿ ಮೊದಲ ದಿನ ಇಪ್ಪತ್ತು ಗುಂಡು ಹಾರಿಸಿದೆ. ಬೋಲ್ಟಿನ ಹಿಡಿಯನ್ನು ಎತ್ತಬೇಕಾದದ್ದು ಕೊಂಚವೇ. ಮುಚ್ಚುವಾಗ ಸ್ಪ್ರಿಂಗು ಬಿಗಿಯಾಗುವ ರಚನೆಯಾದ್ದರಿಂದ ಕಡೆಯ ಅರ್ಧ ಇಂಚಿನಲ್ಲಿ ಅಂಗೈಗೆ ತಡೆ ತಿಳಿಯುತ್ತದೆ, ಅದಕ್ಕೆ ಒಗ್ಗಿಕೊಂಡ ಮೇಲೆ ಕೈ ತಾನಾಗಿಯೇ ಓಡುತ್ತದೆ. ಟ್ರಿಗರ್ ಎರಡು ಹಂತದ್ದು. ಮೊದಲ ಹಂತ ಉದ್ದ, ಎರಡನೆಯದು ಸ್ಪಷ್ಟ. ಒದೆತ ಇದೆ, ಆದರೆ 4.7 ಕಿಲೋ ತೂಕ ಅದರ ಬಹುಪಾಲನ್ನು ನುಂಗುತ್ತದೆ. 100 ಗಜದಲ್ಲಿ ಐದೈದು ಗುಂಡುಗಳ ನಾಲ್ಕು ಗುಂಪುಗಳಲ್ಲಿ ಮೂರು ಗುಂಪುಗಳು ನಾಲ್ಕು ಇಂಚಿನೊಳಗೆ ಬಿದ್ದವು. ಒಂದು ಗುಂಪು ನನ್ನ ಉಸಿರಿನ ತಪ್ಪಿನಿಂದ ಆರು ಇಂಚಿಗೆ ಹರಡಿತು.

ಒಂದು ಕೊರತೆ ಇದೆ, ಇದನ್ನು ಕೊಳ್ಳಲು ಹೊರಟವರೆಲ್ಲರೂ ತಿಳಿದಿರಬೇಕು. ಹಿಂದೃಷ್ಟಿಯನ್ನು 200 ಮೀಟರಿನ ಗುರುತಿಗೆ ತಂದಿಟ್ಟು 100 ಗಜದಲ್ಲಿ ಹೊಡೆದಾಗ ಗುಂಡುಗಳು ಗುರಿಗಿಂತ ಸುಮಾರು ಐದು ಇಂಚು ಮೇಲೆ ಬಿದ್ದವು. ಇನ್ನೂರು ಮೀಟರಿಗೆ ಹೊಂದಿಸಿದ ಕೋವಿ ನೂರು ಗಜದಲ್ಲಿ ಸ್ವಲ್ಪ ಮೇಲೆ ಹೊಡೆಯುವುದು ಲೆಕ್ಕಕ್ಕೆ ಸರಿಯೇ, ಆದರೆ ಐದು ಇಂಚು ಹೆಚ್ಚು. ಮುಂದೃಷ್ಟಿಯ ತೆಳು ತಗಡನ್ನು ಬೇರೆ ಎತ್ತರದ್ದಕ್ಕೆ ಬದಲಿಸಿದರೆ ಇದು ಸರಿಹೋಗುತ್ತದೆ. ತಗಡು ಎತ್ತರವಾದಷ್ಟೂ ಗುಂಡು ಕೆಳಗೆ ಇಳಿಯುತ್ತದೆ. ಅದೇ ಮಿಸ್ತ್ರಿಯವರ ಬಳಿ ಎತ್ತರದ್ದೊಂದನ್ನು ಹೇಳಿಟ್ಟಿದ್ದೇನೆ. ಅದು ಬರುವವರೆಗೆ ಕಪ್ಪು ವೃತ್ತದ ಕೆಳಗಿನ ಅಂಚಿಗೆ ಗುರಿ ಹಿಡಿದು ಹೊಡೆಯುತ್ತಿದ್ದೇನೆ.